ಅಕ್ಕನ ಹೆಸರನ್ನು ಅಕ್ಕನೇ ಓದಲಾರದಂತೆ ಬರೆದವರು ಯಾರು?



ವಿಮಾನ ಎಂದೊಡನೆ "ಇದು ದೊಡ್ಡವರ ಸುದ್ದಿ, ನಮಗ್ಯಾಕೆ" ಎಂದು ಪುಟ ತಿರುವಬೇಡಿ. ವಿಮಾನ ಹತ್ತುವವರು ಗಣಿ ಧಣಿಗಳು ಮತ್ತು ಮಂತ್ರಿಗಳು ಮಾತ್ರ ಎಂಬ ಕಾಲ ಹೋಗಿ ಬಹಳ ದಿನವಾಯಿತು. ಸಿರುಗುಪ್ಪದ ಭತ್ತದ ಗದ್ದೆಯ ಮನೆಗಳಿಂದ, ಕುರುಗೋಡಿನ ಕಾಲುವೆ ಬದಿಯ ಹಳ್ಳಿಗಳಿಂದ ಹುಡುಗರು ದುಬೈಗೆ, ಮಸ್ಕತ್‌ಗೆ ದುಡಿಯಲು ಹೋಗಿದ್ದಾರೆ. ಸೊಸೆಯ ಬಾಣಂತನಕ್ಕೆಂದು ಅವರ ತಾಯಂದಿರೂ ಹೋಗಿ ಬರುತ್ತಿದ್ದಾರೆ. ಸೆರಗಿನ ಗಂಟಿನಲ್ಲಿ ಚಿಲ್ಲರೆ ಕಟ್ಟಿಕೊಂಡ ಹೆಂಗಸರು ಈಗ ವಿಮಾನದಿಂದ ಇಳಿಯುತ್ತಾರೆ. ಇಳಿದ ಮೇಲೆ ಮನೆ ಸೇರುವುದು ಹೇಗೆ? ಈ ಸಂಚಿಕೆಯ ಪ್ರಶ್ನೆ ಅದು.

ಸಿರುಗುಪ್ಪಕ್ಕೆ ಕೊಟ್ಟ ನನ್ನ ದೊಡ್ಡಕ್ಕನ ಕಥೆಯನ್ನೇ ಹೇಳುತ್ತೇನೆ. ಭಾವ ಇಲ್ಲ. ಮಗ ದುಬೈಯಲ್ಲಿದ್ದಾನೆ. ಮೊಮ್ಮಗನನ್ನು ಎತ್ತಿ ಆಡಿಸಿ ಮೂರು ತಿಂಗಳಿಗೆ ವಾಪಸು ಬಂದಳು. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಇಳಿದಾಗ ಬೆಳಗಿನ ಜಾವ ನಾಲ್ಕು ಗಂಟೆ. ಮಗ ಅಲ್ಲಿಂದಲೇ ಫೋನಿನಲ್ಲಿ ಕಾರು ಗೊತ್ತು ಮಾಡಿದ್ದ. 9,800 ರೂಪಾಯಿಗೆ ಮಾತು, 4,000 ಮುಂಗಡ. "ಅಮ್ಮಾ, ಹೊರಗ ಬಂದ್ರ ನಿನ್ ಹೆಸ್ರಿನ ಬೋರ್ಡು ಹಿಡ್ಕಂಡು ಡ್ರೈವರ್ ನಿಂತಿರ್ತಾನ, ಅವನ್ ಜೊತಿಗೆ ಬಾ" ಎಂದು ಹೇಳಿ ಕಳಿಸಿದ್ದ.

ಅಕ್ಕ ಓದು ಬಾರದವಳಲ್ಲ. ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿದವಳು. ದಿನಪತ್ರಿಕೆಯನ್ನು ರಾಶಿಫಲದಿಂದ ಹಿಡಿದು ಶ್ರದ್ಧಾಂಜಲಿ ಜಾಹೀರಾತಿನ ತನಕ ಬಿಡದೆ ಓದುತ್ತಾಳೆ. ಹೊರಗೆ ಬಂದು ನೋಡಿದರೆ ಕಂಬಿಯ ಆಚೆ ಇಪ್ಪತ್ತು ಮೂವತ್ತು ಫಲಕಗಳು. ಅಷ್ಟೂ ಇಂಗ್ಲಿಷು! ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದಳಂತೆ. ತನ್ನ ಹೆಸರು ಕಾಣಲಿಲ್ಲ. ಊರಿನ ಸಿಮ್ಮಿಗೆ ದುಡ್ಡು ಹಾಕಿಸಿರಲಿಲ್ಲವಾದ್ದರಿಂದ ಫೋನೂ ಹೋಗಲಿಲ್ಲ.

ಅವಳ ಹೆಸರು ಅಲ್ಲೇ ಇತ್ತು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ, ಭಾವನ ಹೆಸರು ಮೊದಲು, ನಡುವೆ ಊರಿನ ಒಂದು ಅಕ್ಷರ, ಕೊನೆಗೆ ಅವಳ ಹೆಸರು, ಎಲ್ಲವೂ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ. ಹಿಡಿದು ನಿಂತಿದ್ದವನು ಯಾರು ಗೊತ್ತೇ? ಕುರುಗೋಡು ತಾಲ್ಲೂಕಿನ ಹುಡುಗ! ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಗಾಡಿ ಸೇರಿಸಿದ್ದಾನೆ. ಹಿಂದಿನ ದಿನ ಮಧ್ಯಾಹ್ನ ಊರು ಬಿಟ್ಟು, ರಾತ್ರಿಯೆಲ್ಲ ಗಾಡಿ ಓಡಿಸಿ, ಎರಡು ಗಂಟೆಯಿಂದ ಕಾಯುತ್ತಿದ್ದ. ಸಿರುಗುಪ್ಪದ ಹೆಂಗಸು, ಕುರುಗೋಡಿನ ಹುಡುಗ, ನಡುವೆ ನಾಲ್ಕು ಮೊಳ ಅಂತರ. ಬಾಯಿ ಬಿಟ್ಟರೆ ಒಂದೇ ಮಾತು, ಒಂದೇ ರಾಗ. ಒಬ್ಬರಿಗೊಬ್ಬರು ಸಿಗಲಿಲ್ಲ!

"ಕೂಗಬಾರದಾ ತಮ್ಮಾ?" ಎಂದು ಆಮೇಲೆ ಅವನನ್ನು ಕೇಳಿದೆ. "ಕೂಗಿದ್ರ ಸೆಕ್ಯೂರಿಟಿಯೋರು ಬೈತಾರ ಅಣ್ಣಾ. ಅದೂ ಅಲ್ದ, ಆ ಹೆಸ್ರು ಹೆಂಗ ಓದ್ಬೇಕು ಅಂತ ನನಗೂ ಗೊತ್ತಾಗ್ಲಿಲ್ಲ" ಅಂದ. ಸುಳ್ಳಲ್ಲ. ನಮ್ಮ ಹೆಸರುಗಳನ್ನು ಇಂಗ್ಲಿಷಿಗೆ ಹಾಕಿದರೆ ಳಕಾರ ಲಕಾರವಾಗುತ್ತದೆ, ಣಕಾರ ನಕಾರವಾಗುತ್ತದೆ, ದೀರ್ಘ ಯಾವುದು ಹ್ರಸ್ವ ಯಾವುದು ಬ್ರಹ್ಮನಿಗೂ ತಿಳಿಯದು. ಅವನು ಏಜೆನ್ಸಿಗೆ ಫೋನು ಮಾಡಿದ. ಏಜೆನ್ಸಿಯವರು ದುಬೈಗೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿದರು. ಅಲ್ಲಿ ಎರಡೂವರೆ ಗಂಟೆ ರಾತ್ರಿ. ಪಾಳಿ ಮುಗಿಸಿ ಬಂದ ಮಗ ಮಲಗಿದ್ದ.

ಇತ್ತ ಅಕ್ಕ ಗಾಬರಿಯಾಗಿ ನಿಂತಿದ್ದಾಗ ಒಬ್ಬ ಬಂದು "ಎಲ್ಲಿಗಮ್ಮಾ? ಬಳ್ಳಾರಿನಾ? ಬನ್ನಿ" ಎಂದು ಪೆಟ್ಟಿಗೆ ಎತ್ತಿಕೊಂಡೇಬಿಟ್ಟ. ಬಿಳಿ ಬೋರ್ಡಿನ ಕಾರು, 11,000 ರೂಪಾಯಿ. ಮಧ್ಯಾಹ್ನದ ಹೊತ್ತಿಗೆ ಬಳ್ಳಾರಿ ಬಂತು. "ಬಳ್ಳಾರಿ ಅಂದ್ರಿ, ಬಳ್ಳಾರಿ ಬಂತು" ಎಂದು ರಾಯಲ್ ಸರ್ಕಲ್ಲಿನಲ್ಲಿ ಇಳಿಸಿ ಹೋದ. ಸಿರುಗುಪ್ಪ ಇನ್ನೂ 50 ಕಿ.ಮೀ. ಮೇಲಿದೆ! ಅಂಗಡಿಯವರೊಬ್ಬರ ಫೋನಿನಿಂದ ನನಗೆ ಕರೆ ಬಂತು. ಹೋಗಿ ನೋಡಿದರೆ ಬಿಸಿಲಿನಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ. "ನನ್ ಹೆಸ್ರು ಎಲ್ಲೂ ಕಾಣ್ಲಿಲ್ಲಪ್ಪಾ ತಮ್ಮಾ" ಅಂದಳು. ಅಲ್ಲಿಂದ ಮನೆಗೆ ಇನ್ನೊಂದು ಗಾಡಿ, 1,800 ರೂಪಾಯಿ. ಪ್ರಯಾಣಿಕರು ಬರಲಿಲ್ಲ ಎಂದು ಏಜೆನ್ಸಿ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡಿತು. ಕೂಡಿಸಿ ನೋಡಿ: 16,800 ರೂಪಾಯಿ.

ಆ ಹುಡುಗನಿಗಾದರೂ ಸಿಕ್ಕಿತೇ? ಅದೂ ಇಲ್ಲ. ಗಾಡಿ ಖಾಲಿ ಬಂತು. ಡೀಸೆಲ್ಲು, ಟೋಲು ಸೇರಿ ನಾಲ್ಕು ಸಾವಿರದ ಮೇಲೆ ಕೈಯಿಂದ ಹೋಯಿತು. ಹಾಗಾದರೆ ಗೆದ್ದವರು ಯಾರು? ಹಳ್ಳಿಯ ರಸ್ತೆಯನ್ನೂ ನೋಡದ, ರಾತ್ರಿ ನಿದ್ದೆಯನ್ನೂ ಕೆಡಿಸಿಕೊಳ್ಳದ ಏಜೆನ್ಸಿ! ಕನ್ನಡ ಇಲ್ಲದಿದ್ದರೆ ನಷ್ಟ ಕವಿಗಳಿಗೆ, ಸಾಹಿತಿಗಳಿಗೆ ಎಂದು ತಿಳಿದವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಇಷ್ಟು ದೂರದಿಂದ ಕಾರು ಮಾಡಿಕೊಂಡು ಬರುವ ಗತಿ ನಮಗೆ ಏಕೆ ಬಂತು? ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ ಇದೆಯಲ್ಲ ಎನ್ನುತ್ತೀರಿ. ಇದೆ. ಉಕ್ಕಿನ ಕಾರ್ಖಾನೆಯವರ ಖಾಸಗಿ ನಿಲ್ದಾಣ, ಟಿಕೆಟ್ಟಿನಲ್ಲಿ ಅದರ ಹೆಸರು ವಿದ್ಯಾನಗರ. ಬಳ್ಳಾರಿ ಎಂದು ಹುಡುಕಿದವನಿಗೆ ಸಿಕ್ಕರೆ ಅವನ ಪುಣ್ಯ. ಉಡಾನ್ ಯೋಜನೆಯಲ್ಲಿ 2017ರಲ್ಲಿ ಟ್ರೂಜೆಟ್ ಕಂಪನಿಯ ವಿಮಾನ ಅಲ್ಲಿಗೆ ಬಂತು. 2022ರಲ್ಲಿ ಆ ಕಂಪನಿ ಹಾರಾಟವನ್ನೇ ನಿಲ್ಲಿಸಿತು. ಆಮೇಲೆ ಬೇರೆ ಕಂಪನಿಗಳು ಬಂದವು. ಸಣ್ಣ ವಿಮಾನ, ಕೆಲವೇ ಊರುಗಳಿಗೆ. ಹಂಪಿ ನೋಡಲು ಬರುವ ಪರಸ್ಥಳದವರಿಗೆ ಅದು ಅನುಕೂಲ. ದುಬೈಯಿಂದ ಬರುವ ನಮ್ಮವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇಳಿಯಲೇಬೇಕು. ಇನ್ನು ಚಾಗನೂರು, ಸಿರಿವಾರದ ಕಥೆ ನಿಮಗೆ ಗೊತ್ತಿದೆ. ಅಲ್ಲೊಂದು ಹೊಸ ವಿಮಾನ ನಿಲ್ದಾಣ ಎಂದು 2010ರ ಹೊತ್ತಿಗೆ ಸುಮಾರು 900 ಎಕರೆ ಭೂಮಿಗೆ ಕೈಹಾಕಿದರು. ನೀರಾವರಿ ಭೂಮಿ ಬಿಡೆವು ಎಂದು ರೈತರು ಬೀದಿಗಿಳಿದರು. ಇಂದಿಗೂ ಅಲ್ಲಿ ಒಂದು ವಿಮಾನ ಇಳಿದಿಲ್ಲ. ಅದರ ಬಗ್ಗೆ ಬೇರೆಯದೇ ಸಂಪಾದಕೀಯ ಬರೆಯಬೇಕು, ಇಲ್ಲಿ ಬೇಡ.

ಬೆಂಗಳೂರಿನ ನಿಲ್ದಾಣದಿಂದ ಬಳ್ಳಾರಿಗೆ ಎರಡು ದಾರಿ, ಎರಡೂ ಮುನ್ನೂರು ಕಿ.ಮೀ. ಆಸುಪಾಸು. ಒಂದು ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಪೆನುಗೊಂಡ, ಅನಂತಪುರ, ಉರವಕೊಂಡದ ಮೇಲೆ. ಇನ್ನೊಂದು ಹಿರಿಯೂರು, ಚಳ್ಳಕೆರೆ, ರಾಂಪುರದ ಮೇಲೆ. ಮೊದಲನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಆಂಧ್ರ. ಎರಡನೆಯದು ನಮ್ಮದೇ ಎನ್ನುತ್ತೀರಾ? ರಾಂಪುರ ದಾಟಿದ ಮೇಲೆ ಡಿ.ಹಿರೇಹಾಳು, ಓಬುಳಾಪುರದ ತುಂಡು ಆಂಧ್ರದ್ದೇ! 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಕೊಯ್ದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಟ್ಟರು. ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟು ಉಳಿಸಿದ ಬಳ್ಳಾರಿ ನಮಗೆ ಉಳಿಯಿತು. ಬಳ್ಳಾರಿಗೆ ಬರುವ ದಾರಿ ಮಾತ್ರ ತುಂಡಾಯಿತು. ಕನ್ನಡಿಗನು ತನ್ನ ರಾಜಧಾನಿಯಿಂದ ತನ್ನ ಜಿಲ್ಲಾ ಕೇಂದ್ರಕ್ಕೆ ಬರಲು ಇಂದಿಗೂ ನೆರೆರಾಜ್ಯದ ಮಣ್ಣು ತುಳಿಯಬೇಕು.

ಇದು ಬರೀ ಇತಿಹಾಸವಲ್ಲ, ದುಡ್ಡಿನ ಮಾತು. ಕರ್ನಾಟಕದ ಪರ್ಮಿಟ್ ಮಾತ್ರ ಇರುವ ಹಳದಿ ಬೋರ್ಡಿನ ಗಾಡಿ ಆಂಧ್ರದ ಗಡಿ ದಾಟಿದರೆ ಅಲ್ಲಿನ ತೆರಿಗೆ ಕಟ್ಟಬೇಕು. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದ್ದರೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಕಟ್ಟಬೇಕಿಲ್ಲ ಎಂದು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು, 2023ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಆದ್ದರಿಂದ ಗಾಡಿ ಹೇಳುವಾಗಲೇ ಕೇಳಿ: "ಪರ್ಮಿಟ್ ಯಾವುದು? ಯಾವ ದಾರಿಯಲ್ಲಿ ಬರುತ್ತೀಯಪ್ಪಾ? ಪರ್ಮಿಟ್ ಖರ್ಚು ಒಪ್ಪಿದ ದರದ ಒಳಗೋ ಹೊರಗೋ?" ಇದನ್ನು ಕೇಳದವರೇ ನಡುದಾರಿಯಲ್ಲಿ ಜಗಳ ಆಡುವವರು.

ದರದ ಲೆಕ್ಕವೂ ಹಾಗೆಯೇ. ಕಿ.ಮೀ.ಗೆ ಇಷ್ಟು ಎಂದು ಕೇಳಿ, ಮುನ್ನೂರರಿಂದ ಗುಣಿಸಿ ನಾವು ಮನಸ್ಸಿನಲ್ಲಿ ಒಂದು ಮೊತ್ತ ಇಟ್ಟುಕೊಳ್ಳುತ್ತೇವೆ. ಗಾಡಿಯವರ ಲೆಕ್ಕ ಬೇರೆ. ಗಾಡಿ ತನ್ನ ಶೆಡ್ಡು ಬಿಟ್ಟಲ್ಲಿಂದ ಮತ್ತೆ ಶೆಡ್ಡು ಸೇರುವ ತನಕ ಓಡಿದ್ದೆಲ್ಲ ಕಿ.ಮೀ.ಯೇ. ಅದರ ಮೇಲೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಕಟ್ಟಳೆ, ಡ್ರೈವರ್ ಬತ್ತ, ರಾತ್ರಿ ಬತ್ತ, ಟೋಲು, ನಿಲ್ದಾಣದ ಪಾರ್ಕಿಂಗು. ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ನಗರ ಟ್ಯಾಕ್ಸಿಗಳಿಗೆಲ್ಲ ಒಂದೇ ದರ ಎಂದು ಆದೇಶ ಮಾಡಿತು. ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24, ಕಾಯಲು ಮೊದಲ 5 ನಿಮಿಷ ಪುಕ್ಕಟೆ. ಅದು ನಗರದ ಓಡಾಟಕ್ಕೆ. ಮುನ್ನೂರು ಕಿ.ಮೀ. ಆಚೆಯ ಸಿರುಗುಪ್ಪಕ್ಕೆ ಮಾತೇ ದರ, ಒಪ್ಪಂದವೇ ಕಾನೂನು. ಆ ಒಪ್ಪಂದ ಯಾವ ಭಾಷೆಯಲ್ಲಿದೆ? ಫೋನಿನ ತೆರೆಯ ಅಡಿಯಲ್ಲಿ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ! ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದವರ ಮಕ್ಕಳು ಇಂದು ಓದದೆಯೇ ಅದಕ್ಕೆ ಬೆರಳೊತ್ತಿ ಒಪ್ಪಿಗೆ ಕೊಡುತ್ತಿದ್ದಾರೆ. ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಂದಿರಿಗೂ ಇವರಿಗೂ ಏನು ವ್ಯತ್ಯಾಸ?

ಬಿಳಿ ಬೋರ್ಡಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಂತಕ್ಕೆಂದು ನೋಂದಾಯಿಸಿದ ಕಾರನ್ನು ಬಾಡಿಗೆಗೆ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಪರ್ಮಿಟ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು. ದಂಡ ಅವನಿಗೆ ಆಗಲಿ ಬಿಡಿ. ದಾರಿಯಲ್ಲಿ ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದೇ "ಇದು ಬಾಡಿಗೆ ಗಾಡಿಯೇ?" ಎಂದು. ಪರಿಹಾರಕ್ಕಾಗಿ ಒಳಗಿದ್ದವರ ಮನೆಯವರು ವರ್ಷಗಟ್ಟಲೆ ಅಲೆಯಬೇಕಾದೀತು. ನನ್ನ ಅಕ್ಕ ಅಂಥ ಕಾರಿನಲ್ಲಿ ಆಂಧ್ರದ ಹೆದ್ದಾರಿಯಲ್ಲಿ ಒಬ್ಬಳೇ ಬಂದಳು, ಬೆಳಗಿನ ಜಾವದ ನಿದ್ದೆಗಣ್ಣಿನ ಡ್ರೈವರ್ ಜೊತೆ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಒಂದು ಕನ್ನಡ ಫಲಕ ಇದ್ದಿದ್ದರೆ ಅವಳು ಆ ಕಾರು ಹತ್ತುತ್ತಲೇ ಇರಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಆ ಕುರುಗೋಡಿನ ಹುಡುಗನ ನಂಬರು ದುಬೈಯ ಸಂದೇಶದಲ್ಲಿತ್ತು. ಫೋನು ಮಾಡಿ ಕರೆಸಿದೆ. ಬಂದವನು "ನಿಮ್ ಪ್ರೆಸ್ಸಿಗೆ ನಾನು ಮೊದ್ಲೇ ಬಂದಿದ್ನಲ್ಲ ಅಣ್ಣಾ" ಎಂದು ಜೇಬಿನಿಂದ ವಿಸಿಟಿಂಗ್ ಕಾರ್ಡು ತೆಗೆದ. ನಾನೇ ಅಚ್ಚು ಹಾಕಿಕೊಟ್ಟ ಕಾರ್ಡು! ಬಂಗಾರದ ಬಣ್ಣದ ಅಂಚು, ಕಾರಿನ ಚಿತ್ರ, ವಿಮಾನದ ಚಿತ್ರ. ಕನ್ನಡ ಎಲ್ಲಿದೆ? ಮೂಲೆಯಲ್ಲಿ ದೊಡ್ಡಬಸವೇಶ್ವರ ಪ್ರಸನ್ನ ಎಂದು ಒಂದು ಸಾಲು. ದೇವರಿಗೆ ಕನ್ನಡ, ಗಿರಾಕಿಗೆ ಇಂಗ್ಲಿಷು.

ಓದುಗರೇ, ಈ ಪತ್ರಿಕೆ ಅಚ್ಚಾಗುವುದೂ ಅದೇ ಯಂತ್ರದಲ್ಲಿ. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದ ಕಾಲದಲ್ಲಿ ಇಂಗ್ಲಿಷಿನ ಮೊಳೆ ಇದ್ದದ್ದು ಒಂದೇ ಪೆಟ್ಟಿಗೆ, ಅದೂ ಪೂರ್ತಿ ಇರಲಿಲ್ಲ. ಎತ್ತಿನ ಗಾಡಿಯವರ ರಶೀದಿಯಿಂದ ಲಾರಿ ಸಾಗಾಣಿಕೆಯ ಬಿಲ್ಲಿನ ತನಕ ಎಲ್ಲ ಕನ್ನಡದಲ್ಲೇ ಹೋಗುತ್ತಿತ್ತು, ಯಾವ ಲಾರಿಯೂ ದಾರಿ ತಪ್ಪಲಿಲ್ಲ. ಈಗ ಕಂಪ್ಯೂಟರಿನಲ್ಲಿ ಕನ್ನಡದ ನೂರು ಬಗೆಯ ಅಕ್ಷರಗಳಿವೆ, ಕೇಳುವವರಿಲ್ಲ. "ಇಂಗ್ಲಿಷ್ನಾಗ ಇದ್ರ ಬೆಲೆ ಅಣ್ಣಾ" ಎನ್ನುತ್ತಾರೆ. ನಾನೂ ಅಕ್ಕಿ ತರಬೇಕಲ್ಲ ಎಂದು ಹಾಕಿಕೊಟ್ಟೆ. ಒಂದಲ್ಲ ಎರಡಲ್ಲ, ಲೆಕ್ಕವಿಲ್ಲದಷ್ಟು. ಊರಿನವರ ಮೇಲೆ ಬೆರಳು ತೋರುವ ಮೊದಲು ಇದನ್ನು ಒಪ್ಪಿಕೊಳ್ಳದಿದ್ದರೆ ಈ ಸಂಪಾದಕೀಯಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಕಾನೂನು ಏನೆನ್ನುತ್ತದೆ? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರದು. 2023ರ ಡಿಸೆಂಬರ್ 27ರಂದು ಕಾರ್ಯಕರ್ತರು ಬೆಂಗಳೂರಿನ ಬೀದಿಗಿಳಿದ ಮೇಲೆ, 2024ರಲ್ಲಿ ಅದಕ್ಕೆ ತಿದ್ದುಪಡಿ ಬಂದು ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ. 60 ಕನ್ನಡ ಎಂಬುದು ಖಾತ್ರಿಯಾಯಿತು. ಡ್ರೈವರ್ ಕೈಯಲ್ಲಿ ಹಿಡಿಯುವ ರಟ್ಟಿಗೆ ಆ ಕಾನೂನು ತಗಲುತ್ತದೆ ಎಂದು ನಾನು ವಾದಿಸುವುದಿಲ್ಲ. ವಕೀಲರು ನಕ್ಕಾರು. ಆದರೆ ಏಜೆನ್ಸಿಯ ಕಚೇರಿಯ ಬೋರ್ಡಿಗೆ ತಗಲುತ್ತದೆ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ವಕೀಲರಿಲ್ಲದೆ ನೀವೇ ದೂರು ಕೊಡಬಹುದು. ಅಕ್ಕನ ದೂರನ್ನು ನಾನೇ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಏಜೆನ್ಸಿಯವರು ಮುಂಗಡ ಮರಳಿಸುವರೋ ಇಲ್ಲವೋ ನೋಡೋಣ.

ಸರ್ಕಾರಕ್ಕೂ ಒಂದು ಮಾತು. ಬೆಂಗಳೂರು ವಿಮಾನ ನಿಲ್ದಾಣದಿಂದ ಮೈಸೂರಿಗೆ, ಮಡಿಕೇರಿಗೆ ಸಾರಿಗೆ ನಿಗಮದ ಫ್ಲೈ ಬಸ್ ಓಡುತ್ತದೆ. ಬೋರ್ಡು ಕನ್ನಡದಲ್ಲಿ, ಕಂಡಕ್ಟರ್ ಮಾತು ಕನ್ನಡದಲ್ಲಿ, ದರ ಎಲ್ಲರಿಗೂ ಒಂದೇ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಅಂಥ ಬಸ್ಸನ್ನು ಬಳ್ಳಾರಿಯಲ್ಲೇ ನಿಲ್ಲಿಸದೆ ಸಿರುಗುಪ್ಪದ ತನಕ ಓಡಿಸಲಿ. ಗಲ್ಫಿನ ವಿಮಾನಗಳು ಇಳಿಯುವ ಹೊತ್ತು ನೋಡಿ ಹೊರಡಿಸಲಿ. ಕುರುಗೋಡು ಈಗ ತಾಲ್ಲೂಕು ಕೇಂದ್ರ, ಅಲ್ಲಿಗೂ ಒಂದು ಸಂಪರ್ಕ ಬಸ್ಸು ಇರಲಿ. ವಿಶೇಷ ಸ್ಥಾನಮಾನ ಎಂದು ಭಾಷಣ ಬಿಗಿಯುವ ನಮ್ಮ ಶಾಸಕರು ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಆ ಕಂಬಿಯ ಬಳಿ ನಿಂತು ನೋಡಲಿ.

ಸಂಘಟನೆಯ ತಮ್ಮಂದಿರಲ್ಲಿ ಒಂದು ವಿನಂತಿ. ಇದನ್ನು ಓದಿ ನಾಳೆಯೇ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ಡ್ರೈವರ್‌ಗಳ ಕೊರಳಪಟ್ಟಿ ಹಿಡಿಯಬೇಡಿ. ಸಾಲ ಮಾಡಿ ಗಾಡಿ ತಂದು, ಕಂತಿಗಾಗಿ ನಿದ್ದೆ ಬಿಟ್ಟು ಓಡಿಸುವವರು ನಮ್ಮ ವೈರಿಗಳಲ್ಲ. ಆದವಾನಿಯಿಂದ ಬಂದು ತೆಲುಗು ಬೆರೆಸಿ ಮಾತಾಡುವ ಡ್ರೈವರ್ ಕೂಡ ಅಲ್ಲ. ಅವನು ಅಕ್ಕನಿಗೆ ಅರ್ಥವಾಗುವಂತೆ ನಾಲ್ಕು ಮಾತು ಆಡುತ್ತಾನೆ, ಏಜೆನ್ಸಿಯ ಕಾಗದ ಅದನ್ನೂ ಆಡುವುದಿಲ್ಲ. ಕೇಳಬೇಕಾದ್ದು ಏಜೆನ್ಸಿಗಳನ್ನು, ವಿಮಾನ ನಿಲ್ದಾಣದವರನ್ನು. ಮನವಿ ಕೊಡಿ, ಸ್ವೀಕೃತಿ ಪಡೆಯಿರಿ, ಉತ್ತರ ಬಾರದಿದ್ದರೆ ಬನ್ನಿ, ಬೀದಿಗೆ ಇಳಿಯೋಣ. ಮುಂದೆ ನಾನೂ ಇರುತ್ತೇನೆ.

ನಮ್ಮ ಪ್ರೆಸ್ಸಿನಿಂದ ಮಾಡುತ್ತಿರುವುದು ಇಷ್ಟು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಯಾವ ಡ್ರೈವರ್ ಬಂದರೂ ದಪ್ಪ ರಟ್ಟಿನ ಮೇಲೆ ಒರೆಸಿ ಬರೆಯಬಹುದಾದ ಫಲಕ ಒಂದನ್ನು ಪುಕ್ಕಟೆ ಕೊಡುತ್ತೇವೆ. ಮೇಲೆ "ನಿಮ್ಮ ಊರಿನ ಗಾಡಿ" ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಕೆಳಗೆ ಬರುವವರ ಹೆಸರನ್ನು, ಮನೆಯಲ್ಲಿ ಕರೆಯುವಂತೆಯೇ, ಕನ್ನಡದಲ್ಲಿ ಬರೆದುಕೊಳ್ಳಬೇಕು. ಅದರ ಕೆಳಗೆ ಇಂಗ್ಲಿಷಿಗೂ ಒಂದು ಗೆರೆ ಬಿಟ್ಟಿದ್ದೇವೆ. ಹಂಪಿಗೆ ಬರುವ ಪರದೇಶಿಯೂ ನಮ್ಮ ಗಿರಾಕಿಯೇ, ಅವನ ದುಡ್ಡು ಬೇಡವೆನ್ನಲು ನಾವೇನು ಹುಚ್ಚರಲ್ಲ. ಇದರ ಜೊತೆಗೆ ಪ್ರಯಾಣದ ಚೀಟಿ ಪುಸ್ತಕ, ಐವತ್ತು ಹಾಳೆಯದು, ಕಾಗದದ ಖರ್ಚು ಮಾತ್ರ. ಎಲ್ಲಿಂದ ಎಲ್ಲಿಗೆ, ಮನೆ ಬಾಗಿಲ ತನಕವೋ ಬಸ್ ಸ್ಟ್ಯಾಂಡಿನ ತನಕವೋ, ಯಾವ ದಾರಿ, ಒಪ್ಪಿದ ದರ, ಅದರೊಳಗೆ ಟೋಲು ಪರ್ಮಿಟ್ ಸೇರಿದೆಯೋ ಇಲ್ಲವೋ, ಎಷ್ಟು ಹೊತ್ತು ಕಾಯಬೇಕು, ಮುಂಗಡ ಎಷ್ಟು, ಯಾವಾಗ ವಾಪಸು, ಗಾಡಿ ನಂಬರು, ಎರಡೂ ಕಡೆಯವರ ರುಜು.

ಹೊರಡುವವರಿಗೆ ಹೇಳುವುದು ಒಂದೇ: ಊರಿನ ಸಿಮ್ಮಿಗೆ ಇಳಿಯುವ ಹಿಂದಿನ ದಿನವೇ ದುಡ್ಡು ಹಾಕಿಸಿ. ಡ್ರೈವರ್ ನಂಬರನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಳ್ಳಿ.

ಕುರುಗೋಡಿನ ಹುಡುಗ ಮೊದಲ ಫಲಕ ಒಯ್ದಿದ್ದಾನೆ. ಕಾರ್ಡನ್ನೂ ಕನ್ನಡದಲ್ಲಿ ಹಾಕಿಸಿದ್ದಾನೆ, ಬಂಗಾರದ ಅಂಚು ಮಾತ್ರ ಬೇಕೇ ಬೇಕು ಅಂದ, ಹಾಕಿದ್ದೇವೆ. ಉಳಿದ ಫಲಕಗಳು ಕಟ್ಟು ಕಟ್ಟಿ ಇಟ್ಟಿವೆ. ಭಾನುವಾರ ಬಿಟ್ಟು ಯಾವ ದಿನ ಬಂದರೂ ಸಿಗುತ್ತವೆ. ಬರುವಾಗ ಗಾಡಿಯ ಆರ್.ಸಿ. ತನ್ನಿ, ಹಳದಿ ಬೋರ್ಡಿನವರಿಗೆ ಮಾತ್ರ.